ತುಂಗೆ ತಿಳಿಯಾದ ವಾರ

ಕಳೆದ ಭಾನುವಾರ ಭದ್ರಾವತಿಗೆ ಹೋದಾಗ ನಮ್ಮ ಅತ್ತೆ ಡೈವಿಂಗ್ ಕನ್ನಡಕ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು. ಕಣ್ಣು, ಮೂಗು ಎರಡನ್ನೂ ಮುಚ್ಚುವ, ರಬ್ಬರ್ ಅಂಚಿನ ದೊಡ್ಡ ಕನ್ನಡಕ. ನೀವು ನಗಬಹುದು; ನಾನೂ ನಕ್ಕೆ. ಆದರೆ ಕಡಲಿಗೆ ಹೋಗಬೇಕಿದ್ದ ಅದು ಅಡುಗೆಮನೆ ಸೇರಿದ್ದರಲ್ಲಿ ನನ್ನ ಕೈವಾಡವಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಮೀನಿನ ಕಿವಿರುಗಳನ್ನು ಹಲಗೆಯ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲವರು, ಮೀನನ್ನು ಅದರ ಮನೆಯಲ್ಲೇ ನೋಡಿರಲಿಲ್ಲ. ಮುರುಡೇಶ್ವರದಲ್ಲಿ ದೋಣಿಯಲ್ಲಿ ಕರೆದೊಯ್ದು ಕಡಲೊಳಗೆ ಇಳಿಸುತ್ತಾರೆಂದು ಹೋದ ವರ್ಷ ತಿಳಿದಾಗ ಅವರಿಗೆ ಐವತ್ತೊಂಬತ್ತು. ಅರವತ್ತಾದವರನ್ನು ಅಲ್ಲಿ ಇಳಿಸುವುದಿಲ್ಲ. ಮಳೆಗಾಲ ಮುಗಿದು ದೋಣಿ ಹೊರಡುವುದು ಅಕ್ಟೋಬರಿನಲ್ಲಿ. ಅತ್ತೆಗೆ ಅರವತ್ತು ತುಂಬುವುದು ನವೆಂಬರಿನಲ್ಲಿ.

"ಇರೋದು ಒಂದೇ ತಿಂಗಳು. ದಿನ ನೀನೇ ಗೊತ್ತುಮಾಡು ಮಾರಾಯ್ತಿ, ಲೆಕ್ಕ ಇಡೋಳು ನೀನಲ್ವಾ?" ಎಂದರು.

ನನಗೂ ಅದೇ ಬೇಕಿತ್ತು. ನಮ್ಮೂರಲ್ಲಿ ವಿದ್ಯಾನಗರದ ಮನೆಯಿಂದ ಗಾಂಧಿ ಬಜಾರಿಗೆ ಹೋಗುವಾಗಲೆಲ್ಲ ಸೇತುವೆಯ ಮೇಲಿಂದ ತುಂಗೆಯ ಬಣ್ಣ ನೋಡಿ ಡೈರಿಯಲ್ಲಿ ಬರೆಯುತ್ತೇನೆ: ಕೆಂಪು, ಚಹಾ, ತಿಳಿ. ಏಕೆಂದು ಕೇಳಬೇಡಿ; ಹಲ್ಲುಜ್ಜಿದ ನಿಮಿಷಗಳನ್ನೂ ಬರೆದಿಟ್ಟವಳು ನಾನು. ಅಕ್ಟೋಬರ್ ಹನ್ನೆರಡರ ಹೊತ್ತಿಗೆ ಸತತ ಒಂಬತ್ತು 'ತಿಳಿ' ಬಂದವು. ಹೊಳೆ ತಿಳಿಯಾದ ಮೇಲೆ ಕಡಲೂ ತಿಳಿಯಾಗಿರಲೇಬೇಕೆಂದು ತೀರ್ಮಾನಿಸಿ, ಯಾರನ್ನೂ ವಿಚಾರಿಸದೆ, ಆನ್‌ಲೈನಿನಲ್ಲಿ ಹದಿನಾಲ್ಕಕ್ಕೆ ಜಾಗ ಕಾದಿರಿಸಿದೆ. ಅತ್ತೆ ಈ ಕನ್ನಡಕ ಕೊಂಡುತಂದು, ಬಚ್ಚಲಮನೆಯ ಬಕೆಟ್ಟಿನಲ್ಲಿ ಮುಖ ಅದ್ದಿ ಅಭ್ಯಾಸ ಮಾಡಿದರು. ಮುಳುಗಿದ್ದು ಇಪ್ಪತ್ತಮೂರು ಸಲ, ನೀರು ಕುಡಿದದ್ದು ನಾಲ್ಕು ಸಲ.

ಮುರುಡೇಶ್ವರದ ದಂಡೆಯಲ್ಲಿ ನಿಂತು ನೋಡಿದರೆ ಕಡಲು ಟೊಮೇಟೊ ಸಾರಿನ ಬಣ್ಣದಲ್ಲಿತ್ತು.

"ಇವತ್ತು ಇಳಿಸೂದಿಲ್ಲ ಮೇಡಮ್," ಎಂದರು ದೋಣಿಯವರು. "ಪ್ಲಾಂಕ್ಟನ್ ಎದ್ದಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಕೈ ಚಾಚಿದ್ರೆ ನಿಮ್ಮ ಬೆರಳೇ ನಿಮಗೆ ಕಾಣೂದಿಲ್ಲ. ಅದ್ರಲ್ಲಿ ಕೆಲವು ನಮ್ಮ ಕಣ್ಣು, ಗಂಟಲು ಉರಿಸ್ತವೆ. ನಿನ್ನೆ ಫೋನ್ ಮಾಡಿದ್ರೆ ಹೇಳ್ತಿದ್ದೆ."

"ನಮ್ಮ ಹೊಳೆ ತಿಳಿಯಾಗಿದೆಯಲ್ಲ!" ನಾನು ಡೈರಿ ತೆರೆದೇ ತೋರಿಸಿದೆ.

"ಅದಾದ ಮೇಲೇ ಇದು ಏಳೂದು. ಮಳೆನೀರು ಗೊಬ್ಬರ ತಂದು ಹಾಕಿರ್ತದೆ, ಮೇಲೆ ಬಿಸಿಲು ಬಿತ್ತು ಅಂದ್ರೆ ಮುಗೀತು."

ಅತ್ತೆ ಡೈರಿಯೊಳಗೆ ಇಣುಕಿದರು. "ತುಂಗೆ ಪೂರ್ವಕ್ಕೆ ಹರಿಯೋದು ಕಣೆ. ಅದು ಸೇರೋ ಕಡಲೇ ಬೇರೆ. ಅದರ ನೀರು ನೋಡಿ ಇಲ್ಲಿಗೆ ಕರ್ಕೊಂಡು ಬಂದಿದೀಯಲ್ಲ!" ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ಬಾಟಲಿಯ ಕುಡಿಯುವ ನೀರನ್ನು ಮರಳಿಗೆ ಸುರಿದು, ಮೊಣಕಾಲುದ್ದ ನೀರಿಗೂ ಇಳಿಯದೆ, ಆ ಕೆಂಪುನೀರನ್ನೇ ತುಂಬಿಕೊಂಡರು.

ಮರುದಿನ ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ಕೂಗಿಯೇಬಿಟ್ಟರು. "ಅಯ್ಯೋ, ಈ ಪ್ಲಾಂಕ್ಟನ್ನಿಗೆ ಒಂದೇ ಬಾಲ! ಮೂವತ್ತು ವರ್ಷ ಮಕ್ಕಳ ಕೈಲಿ ಎರಡು ಬರೆಸಿದೀನಲ್ಲೇ! ಒಂದು ಬರೆದೋರಿಗೆ ಮಾರ್ಕ್ಸ್ ಬೇರೆ ಕಿತ್ಕೊಂಡಿದೀನಿ!" ಗಂಟೆಗಟ್ಟಲೆ ಅಲ್ಲಿಂದ ಏಳಲಿಲ್ಲ.

ದೋಣಿಯವರಿಗೆ ನಾನು ದಿನವೂ ಫೋನ್ ಮಾಡಿದೆ. ಹತ್ತೊಂಬತ್ತು ಕರೆ, ಹತ್ತೊಂಬತ್ತು 'ಇಲ್ಲ'. ಇಪ್ಪತ್ತನೆಯ ದಿನ ಅತ್ತೆಗೆ ಅರವತ್ತು ತುಂಬಿತು. ಪಾಯಸ ಮಾಡಿದ್ದರು, ಎರಡು ಲೋಟ ಕುಡಿದೆ.

ಇದೆಲ್ಲ ನೆನೆಯುವಷ್ಟರಲ್ಲಿ ಈರುಳ್ಳಿ ಮುಗಿದಿತ್ತು. ಅತ್ತೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. "ಈ ಅಕ್ಟೋಬರಿಗೆ ನೀನು ಹೋಗು. ತುಂಗೆನ ಕೇಳ್ಬೇಡ, ಅಲ್ಲಿಯವರನ್ನ ಕೇಳು. ಬಂದು ನಂಗೆ ಎಲ್ಲ ಹೇಳ್ಬೇಕು. ಎಷ್ಟು ಮೀನು ಅಂತಲ್ಲ, ಹೇಗಿದ್ವು ಅಂತ."

ಹಾಕಿಕೊಂಡು ನೋಡಿದೆ. ಒಳಗೆಲ್ಲ ಈರುಳ್ಳಿಯ ಘಾಟು; ಕಣ್ಣಲ್ಲಿ ನೀರು ಬಂತು.

ವಾಪಸು ಬರುವ ಬಸ್ಸು ಮಲವಗೊಪ್ಪ ದಾಟುವಾಗ ಡೈರಿ ತೆಗೆದೆ. ಅತ್ತದ್ದು: ಒಂದು ಸಲ. ಕಾರಣದ ಕಾಲಂನಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಆಮೇಲೆ 'ಈರುಳ್ಳಿ' ಎಂದು ಬರೆದೆ.