ಐವರ ಪ್ಲಾನಿನ ಯಜಮಾನ

ಚಕ್ರಪಾಣಿ ನಮಗೆ ಹನ್ನೆರಡು ವರ್ಷ ಸುಳ್ಳು ಹೇಳಿದ. ಅದೂ ಮೊಬೈಲ್ ಫೋನಿನ ವಿಷಯದಲ್ಲಿ, ಮುಖದ ಒಂದು ಗೆರೆಯೂ ಅಲುಗದ ಹಾಗೆ. ಆ ಸುಳ್ಳನ್ನು ಹಿಡಿದವಳು ನಾನು. ಹಿಡಿದೆನೆಂದು ಬೀಗಿದ್ದು ಒಂದು ಗಂಟೆ, ಆಮೇಲೆ ಪೇಚಾಡಿದ್ದು ಒಂದು ವಾರ.

ಮೊದಲು ಆಸಾಮಿಯ ಪರಿಚಯ ಮಾಡಿಕೊಡುತ್ತೇನೆ. ಚಕ್ರಪಾಣಿ, ನಮ್ಮ ಬಾಯಲ್ಲಿ ಚಕ್ರಣ್ಣ, ಮೈಸೂರಿನ ಸರಸ್ವತಿಪುರಂನವನು. ಸಿಯಾಟಲ್ ಪಕ್ಕದ ಟೋಟೆಮ್ ಲೇಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೆಂಡತಿ ರುಕ್ಮಿಣಿಯ ಜೊತೆ ಇದ್ದಾನೆ. ಹನ್ನೆರಡು ವರ್ಷದ ಹಿಂದೆ ಅದೇ ಕಟ್ಟಡಕ್ಕೆ ನಾನು, ಜಯಂತ್, ಧನಂಜಯ ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಬಂದಿಳಿದೆವು. ಈ ದೇಶದಲ್ಲಿ ಸಾಲ ಮಾಡಿ ತೀರಿಸಿದ ಹೆಸರು ನಮಗಾರಿಗೂ ಇರಲಿಲ್ಲವಾದ್ದರಿಂದ ಫೋನ್ ಕಂಪನಿಯವರು ನಾವಿನ್ನೂ ಹುಟ್ಟೇ ಇಲ್ಲವೆಂಬಂತೆ ನೋಡಿದರು. ಚಕ್ರಣ್ಣ ತನ್ನ ಹೆಸರಿನಲ್ಲಿ ಫ್ಯಾಮಿಲಿ ಪ್ಲಾನ್ ಮಾಡಿಸಿ, ಗಂಡ ಹೆಂಡತಿಯ ಎರಡು ನಂಬರಿನ ಜೊತೆ ನಮ್ಮ ಮೂರನ್ನೂ ಸೇರಿಸಿಕೊಂಡ. ಐದು ನಂಬರಾದರೆ ಎಲ್ಲರಿಗೂ ಅಗ್ಗ. ಬಿಟ್ಟರೆ ಐವರೂ ಒಟ್ಟಿಗೇ ಬಿಡಬೇಕು, ಒಬ್ಬೊಬ್ಬರೇ ಜಾರಿಕೊಳ್ಳಬಾರದು ಎಂದು ಅವತ್ತು ಅವನ ಮನೆಯಲ್ಲಿ ಸಾರು ಅನ್ನ ಉಣ್ಣುತ್ತಾ ಮಾತಾಯಿತು.

ಆಮೇಲೆ ಧನಂಜಯ ಡುವಾಲ್‌ನಲ್ಲಿ ಮನೆ ಕೊಂಡು ಕೋಳಿ ಸಾಕಿದ. ಜಯಂತ್ ಬೆಲ್ವ್ಯೂನಲ್ಲಿ ಹದಿನಾಲ್ಕನೇ ಮಹಡಿ ಹತ್ತಿ ಕೂತ. ನಾನು ಬಾಥೆಲ್ ಸೇರಿದೆ. ಪ್ಲಾನ್ ಮಾತ್ರ ಹಾಗೆಯೇ ಉಳಿಯಿತು, ಅದರ ಯಜಮಾನನೂ ಹಾಗೆಯೇ ಉಳಿದ. ನಾವು ಯಾರೇ ಹೊಸ ಫೋನ್ ತೆಗೆದುಕೊಂಡರೂ ಅವನ ನಂಬರಿಗೆ ಬರುವ ಕೋಡನ್ನು ಅಂಗಡಿಯಲ್ಲಿ ಹೇಳಬೇಕು. ಕೋಡನ್ನು ಮೆಸೇಜ್ ಮಾಡಿದರೆ ಸಾಕು. ಚಕ್ರಣ್ಣ ಮಾಡುವುದಿಲ್ಲ, ಖುದ್ದಾಗಿ ಬರುತ್ತಾನೆ. ಹೆಣ್ಣು ನೋಡಲು ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಅಂಗಡಿಯ ಹುಡುಗಿಯನ್ನು ಒಂದು ಗಂಟೆ ವಿಚಾರಣೆ ಮಾಡುತ್ತಾನೆ. ನಂತರ ಅವನ ಮನೆಯಲ್ಲಿ ಊಟ ಕಡ್ಡಾಯ. ರುಕ್ಮಿಣಿ ಅತ್ತಿಗೆಯ ಬಿಸಿಬೇಳೆಬಾತ್ ಹೊಟ್ಟೆಗೆ ಇಳಿದ ಮೇಲೆಯೇ ಹಳೆ ಫೋನಿನ ಫೋಟೋಗಳು ಹೊಸದಕ್ಕೆ ಹೋಗುವುದು.

ಯಾವಾಗ ಕೊಳ್ಳಬೇಕೆಂಬ ತೀರ್ಮಾನವೂ ಅವನದೇ. ಬೆಳಗಿನ ಕಾಫಿಯ ಜೊತೆ ಅವನಿಗೆ ಗಾಳಿಸುದ್ದಿ ಬೇಕು. ಇನ್ನೂ ಬಾರದ ಫೋನಿನ ಹಿಂಬದಿಯ ಫೋಟೋ ಯಾವುದೋ ಕಾರ್ಖಾನೆಯಿಂದ ಹೊರಬಿದ್ದಿದೆ ಎಂದರೆ ಮುಗಿಯಿತು. ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ, ಈ ತೂತು ಇಲ್ಲೇಕೆ ಇದೆ ಎಂದು ಸಂಜೆಯವರೆಗೂ ಚಿಂತಿಸುತ್ತಾನೆ. ಬ್ಯಾಂಕಿನ ದೊಡ್ಡ ಡೇಟಾಬೇಸನ್ನು ಸಂಭಾಳಿಸುವ ಮನುಷ್ಯ ಇವನೇನಾ ಅನ್ನಿಸುತ್ತದೆ. ಡುವಾಲ್‌ನಲ್ಲಿ ಸಿಗ್ನಲ್ ಕಡಿಮೆ, ಈಗ ಬಂದಿರುವ ಮಾಡೆಲ್ಲೇ ಸರಿ, ತಡ ಮಾಡಬೇಡ ಎಂದು ಧನಂಜಯನಿಗೆ ಹೇಳುತ್ತಿದ್ದ. ಜಯಂತನಿಗೆ, ಕ್ಯಾಮೆರಾ ಬದಲಾಗುವುದು ಮುಂದಿನ ವರ್ಷ, ಕಾಯಿ. ನನಗೆ, ಮಡಚುವ ಫೋನ್ ಬರುತ್ತದಂತೆ, ಫೆಬ್ರವರಿವರೆಗೆ ಉಸಿರು ಬಿಗಿಹಿಡಿದಿರು. ಒಬ್ಬೊಬ್ಬರಿಗೂ ಒಂದೊಂದು ಮಾತು. ನಮ್ಮ ಅಗತ್ಯವನ್ನು ಇಷ್ಟು ಬಲ್ಲವನು ಬೇರೆ ಯಾರಿದ್ದಾರೆ ಎಂದು ನಾವು ಉಬ್ಬಿಹೋಗಿದ್ದೆವು.

ಉಸಿರು ಬಿಗಿಹಿಡಿದದ್ದು ನಾನು, ಉಸಿರು ನಿಂತದ್ದು ನನ್ನ ಫೋನಿನದು. ಬ್ಯಾಟರಿ ಅರ್ಧ ಇದೆ ಎಂದು ತೋರಿಸುತ್ತಲೇ ಆರಿಹೋಗುತ್ತಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ, ಮೊದಲ ಸಲ ಹೋಗುತ್ತಿದ್ದ ಆಸ್ಪತ್ರೆಗೆ ದಾರಿ ತೋರಿಸುತ್ತಾ ಹೆದ್ದಾರಿಯ ಮಧ್ಯೆ ಕಣ್ಣು ಮುಚ್ಚಿತು. ನಾನು ಊರೆಲ್ಲಾ ಸುತ್ತಿ ಒಂದು ದ್ರಾಕ್ಷಾರಸದ ಮಳಿಗೆಯ ಮುಂದೆ ನಿಂತೆ. ಅದೇ ವಾರ ಜಯಂತ್ ಒಂದು ಸುದ್ದಿ ತಂದ. ಇನ್ನೊಂದು ಕಂಪನಿಯವರು, ಹೊಸದಾಗಿ ಬರುವವರಿಗೆಲ್ಲ ಹೊಸ ಫೋನ್ ಕೊಡುತ್ತಾರಂತೆ. ಐವರೂ ಹೋಗೋಣ, ಯಾರ ಗಡುವು ಯಾವಾಗ ಮುಗಿಯುತ್ತದೆ ನೋಡು ಎಂದ. ಈ ಗಡುವಿನ ವಿಷಯ ಇಷ್ಟೇ: ಕಂಪನಿಯಿಂದ ಫೋನ್ ತೆಗೆದುಕೊಂಡರೆ ಮೂವತ್ತಾರು ತಿಂಗಳು ಅಲ್ಲೇ ಇರಬೇಕು, ನಡುವೆ ಬಿಟ್ಟರೆ ರಿಯಾಯಿತಿ ಖೋತಾ.

ಪ್ಲಾನಿನ ಖಾತೆಯ ಪಾಸ್‌ವರ್ಡನ್ನು ಚಕ್ರಣ್ಣ ನಮಗೆ ಎಂದೋ ಕೊಟ್ಟಿದ್ದ. ನಾವೇ ಯಾರೂ ತೆರೆದು ನೋಡಿರಲಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕಸುಬು, ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಖಾತೆ ತೆರೆದು, ಹಳೆಯ ಮೇಲ್‌ಗಳನ್ನೂ ಕೆದಕಿ, ಯಾರು ಯಾವ ತಿಂಗಳು ಫೋನ್ ತೆಗೆದುಕೊಂಡರು ಎಂಬುದನ್ನು ಸಾಲಾಗಿ ಬರೆದೆ. ಧನಂಜಯನ ಗಡುವು ಮುಗಿಯುವ ಮುಂಚೆ ನನ್ನದು ಶುರು. ನನ್ನದು ಮುಗಿಯುವ ಮುಂಚೆ ಜಯಂತನದು. ಎಲ್ಲಾದರೂ ಸಂದು ಬಿದ್ದರೆ ಪಾಪ, ಅತ್ತಿಗೆಗೆ ಹೊಸ ಫೋನ್. ಹನ್ನೆರಡು ವರ್ಷದಲ್ಲಿ ಐವರೂ ಬಿಡುವಾಗಿದ್ದ ತಿಂಗಳು ಒಂದೂ ಇರಲಿಲ್ಲ. ಈಗಲೂ ಧನಂಜಯ ಮಾರ್ಚ್‌ವರೆಗೆ ಸಿಕ್ಕಿಬಿದ್ದಿದ್ದಾನೆ, ಅವನು ಬಿಡುವಾಗುವ ಮುಂಚೆ ನಾನು ಸಿಕ್ಕಿಬೀಳಲಿ ಎಂದೇ ನನಗೆ ಫೆಬ್ರವರಿಯ ಗಡಿ. ಮಡಚುವ ಫೋನೂ ಇಲ್ಲ, ಮಣ್ಣೂ ಇಲ್ಲ.

ಶನಿವಾರ ಮಧ್ಯಾಹ್ನ ಪಟ್ಟಿ ಹಿಡಿದು ಅವನ ಮನೆಗೆ ನುಗ್ಗಿದೆ. ಸೋಫಾದಲ್ಲಿ ಕೂತು ಯಾವುದೋ ಬಾರದ ಫೋನಿನ ರಟ್ಟಿನ ಮಾದರಿಯ ವಿಡಿಯೋ ನೋಡುತ್ತಿದ್ದ. ಬಾಯಿಗೆ ಬಂದದ್ದೆಲ್ಲಾ ಅಂದೆ. ಬ್ಯಾಟರಿ, ಹೆದ್ದಾರಿ, ದ್ರಾಕ್ಷಾರಸ, ಒಂದನ್ನೂ ಬಿಡಲಿಲ್ಲ. ಅತ್ತಿಗೆ ಅಡುಗೆಮನೆಯಿಂದಲೇ, ಇವಳ ಹತ್ತಿರ ಈ ಆಟ ಬಹಳ ದಿನ ನಡೆಯಲ್ಲ ಎಂದು ನಿಮಗೆ ಮೊದಲೇ ಹೇಳಿದ್ದೆ ಎಂದರು. ಅಂದರೆ ಅವರಿಗೂ ಗೊತ್ತಿತ್ತು.

ಚಕ್ರಣ್ಣ ಇಲ್ಲವೆನ್ನಲಿಲ್ಲ. ಪಟ್ಟಿಯನ್ನು ಪೂರ್ತಿ ಓದಿ, ಒಂದು ಕಡೆ ತಿಂಗಳು ತಪ್ಪಾಗಿದೆ ಎಂದು ತಿದ್ದಿ ಕೊಟ್ಟ. ಆಮೇಲೆ ನಿಧಾನಕ್ಕೆ ಹೇಳಿದ:

"ಕವನಾ, ಕೋಡ್ ಬೇಕು ಅಂತ ನೀವೆಲ್ಲ ಬರ್ತೀರಿ. ಬಂದಾಗ ಊಟ ಮಾಡ್ತೀರಿ. ಪ್ಲಾನ್ ಇಲ್ದೇ ಇದ್ರೆ ಯಾಕ್ ಬರ್ತೀರಿ, ನೀನೇ ಹೇಳು."

ಎಷ್ಟೋ ಸಲ ಬಂದಿಲ್ಲವೇ ಎನ್ನಲು ಬಾಯಿ ತೆರೆದೆ. ನೆನಪು ಮಾಡಿಕೊಂಡೆ. ಹೋದ ವರ್ಷ ಬಂದದ್ದು ಎರಡು ಸಲ, ಎರಡೂ ಫೋನಿನ ಕೆಲಸಕ್ಕೆ. ಬಾಥೆಲ್‌ನಿಂದ ಅವನ ಮನೆಗೆ ಕಾಲು ಗಂಟೆಯ ದಾರಿ. ನಾಚಿಕೆಯಾಯಿತು, ಪಟ್ಟಿಯನ್ನು ಮಡಚಿ ಬ್ಯಾಗಿಗೆ ತುರುಕಿಕೊಂಡು ಎದ್ದುಬಂದೆ.

ಸಂಜೆ ಮೂವರಿಗೂ ಅವನಿಂದ ಒಂದೊಂದು ಪಿನ್ ಬಂತು. ನಮ್ಮ ನಂಬರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ಪಿನ್, ಏಳು ದಿನ ನಡೆಯುತ್ತದೆ. ಒಟ್ಟಿಗೇ ಬಿಡಬೇಕೆಂಬ ಮಾತು ಇನ್ನು ಇಲ್ಲ, ಅವರವರ ಇಷ್ಟ ಎಂದು ಕೆಳಗೆ ಬರೆದಿದ್ದ. ಗಾಳಿಸುದ್ದಿ ಒಂದೂ ಇರಲಿಲ್ಲ.

ಧನಂಜಯ ಕಾಲ್ ಮಾಡಿ, ತನಗೆ ಮಾರ್ಚ್‌ವರೆಗೆ ಬಿಡುಗಡೆಯಿಲ್ಲ ಎಂದು ನಕ್ಕ. ನಾನು ಆ ಪಿನ್ನನ್ನು ಎರಡು ಸಲ ಚೀಟಿಯಲ್ಲಿ ಬರೆದು ಎರಡು ಸಲ ಹರಿದೆ. ಜಯಂತ್ ಮೂರನೇ ದಿನ ಹೊರಟೇಹೋದ. ಹೊಸ ಕಂಪನಿ, ಹೊಸ ಫೋನ್. ನಮ್ಮ ಪಾಲು ಏರುತ್ತದೆ, ನಿನಗೇನು ಎಂದು ಅವನಿಗೆ ಕಾಲ್ ಮಾಡಿ ಬೈದೆ. ನನ್ನ ಸಿಟ್ಟಿಗೆ ಕಾರಣ ಬೇರೆ ಇತ್ತು. ಪ್ಲಾನ್ ಇಲ್ಲದಿದ್ದರೆ ಯಾರೂ ಬರುವುದಿಲ್ಲ ಎಂದು ಚಕ್ರಣ್ಣ ಹೇಳಿದ್ದು ನಿಜವಾಗಿಬಿಡುತ್ತದೆ ಎಂದು ನನಗೆ ಭಯವಾಗಿತ್ತು.

ಮುಂದಿನ ಶನಿವಾರ ಟೋಟೆಮ್ ಲೇಕ್‌ಗೆ ಹೋದೆ. ಸೌತೆಕಾಯಿ ಕೊಡಲು ಬಂದೆ ಎಂದೆ, ನೆಪವಿಲ್ಲದೆ ಬರುವ ಧೈರ್ಯ ಇನ್ನೂ ಬಂದಿರಲಿಲ್ಲ. ಧನಂಜಯ ಡುವಾಲ್‌ನಿಂದ ಒಂದು ಡಜನ್ ಮೊಟ್ಟೆ ಹಿಡಿದು ಬಂದಿದ್ದ. ಆ ಮನೆಯಲ್ಲಿ ಯಾರೂ ಮೊಟ್ಟೆ ತಿನ್ನುವುದಿಲ್ಲ ಎಂಬುದನ್ನು ಅವನು ಪೂರ್ತಿ ಮರೆತಿದ್ದ. ಚಕ್ರಣ್ಣ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಅವನ್ನು ಮೇಜಿನ ಮೇಲಿಟ್ಟ. ಮಳೆಯ ಬಗ್ಗೆ ಮಾತಾಡಿದ, ಟ್ರಾಫಿಕ್ ಬಗ್ಗೆ ಮಾತಾಡಿದ, ಫೋನಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಹೊಸ ಸುದ್ದಿ ಏನು ಎಂದು ಕೇಳಿದೆ. ಗೊತ್ತಿಲ್ಲ, ಓದುವುದು ಬಿಟ್ಟಿದ್ದೇನೆ ಎಂದ. ಅವನ ಸುಳ್ಳುಗಳಿಗಿಂತ ಈ ಮಾತಿನಿಂದಲೇ ನನಗೆ ಹೆಚ್ಚು ಸಂಕಟವಾಯಿತು. ಅತ್ತಿಗೆ ನಾಲ್ಕು ತಟ್ಟೆ ಇಟ್ಟರು.

ಅನ್ನಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಚಕ್ರಣ್ಣ ಎದ್ದುಹೋಗಿ ತೆರೆದ. ಹೊರಗೆ ಜಯಂತ್, ಜಾಕೆಟ್ ಎಲ್ಲ ಒದ್ದೆ. ಕೈಯಲ್ಲಿ ಸೌತೆಕಾಯಿ ಇಲ್ಲ, ಮೊಟ್ಟೆ ಇಲ್ಲ, ಫೋನೂ ಇಲ್ಲ. ಚಕ್ರಣ್ಣ ದಾರಿ ಬಿಡದೆ ನಿಂತೇ ಇದ್ದ.

"ನಿನ್ನ ನಂಬರ್ ಹೋಯ್ತಲ್ಲೋ. ಇನ್ನೇನಾದ್ರೂ ಕೋಡ್ ಬೇಕಿತ್ತಾ?"

"ಇಲ್ಲ ಅಣ್ಣ, ಏನೂ ಬೇಡ. ಸುಮ್ನೆ ಬಂದೆ."

ಚಕ್ರಣ್ಣ ಪಕ್ಕಕ್ಕೆ ಸರಿದ. ಜಯಂತ್ ಬೂಟು ಬಿಚ್ಚಿ ಒಳಗೆ ಬಂದು ನನ್ನ ಪಕ್ಕ ಕುಕ್ಕರಿಸಿದ. ಸುಮ್ಮನೆ ಬಂದವರಿಗೆ ಏನು ಮಾಡಬೇಕೆಂಬುದು ಚಕ್ರಣ್ಣನಿಗೆ ಮರೆತೇಹೋಗಿತ್ತು. ಅಡುಗೆಮನೆಯ ಕಪಾಟುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿ, ತನ್ನದೇ ಮನೆಯಲ್ಲಿ ತಟ್ಟೆ ಎಲ್ಲಿರುತ್ತದೆ ಎಂದು ಹೆಂಡತಿಯನ್ನು ಕೇಳಿದ.