ನಾಲ್ಕು ಹೊಟ್ಟೆಯ ಬ್ರೇಕು

ಭಾನುವಾರದ ಸಂತೆಗೆಂದು ನಾನೂ ಆಯಿಯೂ, ಅಂದರೆ ಅಮ್ಮನೂ, ಕಾರವಾರಕ್ಕೆ ಹೊರಟಿದ್ದೆವು. ಹಿಂದಿನ ಸೀಟಿನ ತುಂಬ ಆಯಿಯ ಹರಿವೆ, ಬಸಳೆ, ಬೆಂಡೆಕಾಯಿಯ ಬುಟ್ಟಿಗಳು. ಬಿಣಗಾದ ಇಳಿಜಾರಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕ್ ತುಳಿದೆ. ಕಾರು ನೇರ ನಿಲ್ಲುವ ಬದಲು ಎಡಕ್ಕೆ ಎಳೆದುಕೊಂಡು ಹೋಗಿ, ರಸ್ತೆಯಂಚಿನ ಕಲ್ಲಿಗೆ ಇನ್ನೇನು ಗೇಣು ದೂರ ಎನ್ನುವಾಗ ನಿಂತಿತು. ಆಯಿ ಬುಟ್ಟಿಗಳನ್ನು ಇಳಿಸಿಕೊಂಡು, ಹಿಂದೆ ಬಂದ ಟೆಂಪೋಗೆ ಕೈ ಮಾಡಿದಳು.

ಆಮೇಲೆ ಅವಳು ಬಸ್ಸಿನಲ್ಲೇ ಹೋಗತೊಡಗಿದಳು. ಬಸ್ಸಿಗೆ ಎರಡು ಬುಟ್ಟಿಗಿಂತ ಹೆಚ್ಚು ಹತ್ತಿಸಲು ಆಗುವುದಿಲ್ಲ. ಉಳಿದ ಸೊಪ್ಪು ಅವರ್ಸಾದ ನಮ್ಮ ಅಂಗಳದಲ್ಲೇ ಬಾಡುತ್ತಿತ್ತು. ತಡವಾಗಿ ತಲುಪುವುದರಿಂದ ಸಂತೆಯಲ್ಲಿ ಅವಳ ಮಾಮೂಲಿ ಜಾಗವನ್ನೂ ಬೇರೆಯವರು ಹಿಡಿಯತೊಡಗಿದರು. ಕರೆದರೆ, "ನಿನ್ನ ಕಾರು ನಿಂಗೇ ಇರ್ಲಿ" ಎನ್ನುತ್ತಿದ್ದಳು. ಅದೇ ಕಾರಿನಲ್ಲಿ, ಅದೇ ಇಳಿಜಾರಿನಲ್ಲಿ ಅವಳನ್ನು ಮತ್ತೆ ಕರೆದೊಯ್ಯಲೇಬೇಕು ಎಂದು ನಾನು ಹಟ ಹಿಡಿದೆ.

ಮುಂದಿನ ಬಲಗಾಲಿಯ ಕ್ಯಾಲಿಪರ್ ಕೆಟ್ಟಿತ್ತು. ತಿರುಗುವ ಡಿಸ್ಕನ್ನು ಇಕ್ಕಳದಂತೆ ಹಿಡಿದು ಗಾಲಿಯನ್ನು ನಿಲ್ಲಿಸುವ ಭಾಗ ಅದು. ಅದು ಅತ್ತಿತ್ತ ಜಾರಬೇಕಾದ ಪಿನ್ನು ಉಪ್ಪುಗಾಳಿಗೆ ತುಕ್ಕು ಹಿಡಿದು ಅಂಟಿಕೊಂಡಿತ್ತು. ಅಂಥದ್ದೇ ಹೊಸದನ್ನು ಹಾಕಿ ಮುಗಿಸಬಹುದಿತ್ತು. ಆದರೆ ನನ್ನ ದಿನಚರಿಯ ಹಳೆಯ ಪುಟಗಳಲ್ಲಿ ಸಂತೆಯ ದಿನಗಳ ಎದುರೆಲ್ಲ 'ಇಳಿಜಾರಲ್ಲಿ ಬ್ರೇಕ್ ಮೆತ್ತಗೆ' ಎಂದಿತ್ತು. ಬುಟ್ಟಿ ತುಂಬಿದ ಕಾರಿಗೆ ಆ ಬ್ರೇಕು ಮೊದಲಿಂದಲೂ ಸಾಲುತ್ತಿರಲಿಲ್ಲ. ಇನ್ನೂ ಬಲವಾದದ್ದೇ ಬೇಕಿತ್ತು.

ಕಾರು ನೋಡಲು ಅಂಕೋಲೆಯಿಂದ ಮೆಕ್ಯಾನಿಕ್ ಮನೆಗೇ ಬಂದ.

"ತಂಗಿ, ಹಾಕೂದಾದ್ರೆ ಫೋರ್ ಪಾಟ್ ಹಾಕ್ವಾ. ಕೆಂಪು ಬಣ್ಣದ್ದು. ಗೋವಾದಲ್ಲಿ ಹುಡುಗ್ರೆಲ್ಲ ಅದನ್ನೇ ಹಾಕ್ಸೂದು."

ಪಾಟ್ ಎಂದರೆ ಪಿಸ್ಟನ್ ಕೂರುವ ಕುಳಿ. ನಮ್ಮ ಕಾರಿನದಕ್ಕೆ ಇದ್ದದ್ದು ಒಂದೇ. ಜಗಲಿಯಲ್ಲಿ ಬಸಳೆ ಕಟ್ಟುತ್ತಿದ್ದ ಆಯಿಗೆ ಅದು ಕೇಳಿಸಿದ್ದು 'ಪೋಟ' ಎಂದು. ನಮ್ಮ ಮನೆಮಾತು ಕೊಂಕಣಿಯಲ್ಲಿ ಹಾಗೆಂದರೆ ಹೊಟ್ಟೆ.

"ನಾಲ್ಕು ಪೋಟವಾ!" ಎಂದು ನಕ್ಕಳು. "ಒಂದು ಪೋಟ ತುಂಬ್ಸೂಕೇ ನಾ ಸಂತೆಗೆ ಓಡೂದು. ಅದ್ರ ನಾಲ್ಕಕ್ಕೆ ಬಡ್ಸೂದು ಯಾರು?"

ಮೆಕ್ಯಾನಿಕ್‌ಗೂ ನಗು ಬಂತು. "ಅದು ಅನ್ನ ಉಣ್ಣೂದಿಲ್ಲ ಅಕ್ಕಾ, ಎಣ್ಣೆ ಕುಡೀತದೆ."

ನಾನು ನಗಲಿಲ್ಲ. ಬಡಿಸುವವರು ಯಾರು ಎಂಬ ಪ್ರಶ್ನೆ ಸರಿಯಾಗಿಯೇ ಇತ್ತು. ಪೆಡಲ್ ತುಳಿದಾಗ ಕ್ಯಾಲಿಪರ್‌ಗೆ ಎಣ್ಣೆ ತಳ್ಳುವುದು ಮಾಸ್ಟರ್ ಸಿಲಿಂಡರ್.

"ಅಣ್ಣಾ, ಮಾಸ್ಟರ್ ಸಿಲಿಂಡರ್ ಹಳೇದೇ ಇರ್ತದಲ್ಲ? ನಾಲ್ಕಕ್ಕೂ ಎಣ್ಣೆ ತಳ್ಳೂಕೆ ಪೆಡಲ್ ಕೆಳಗೆ ಹೋಗೂದಿಲ್ವಾ?"

"ಸ್ವಲ್ಪ ಹೋಗ್ತದೆ. ಅಭ್ಯಾಸ ಆಗ್ತದೆ ಬಿಡು."

"ನಂಗೆ ಅಭ್ಯಾಸ ಆಗೂದಿಲ್ಲ" ಎಂದಳು ಆಯಿ, ತಲೆ ಎತ್ತದೆ.

ಅಲ್ಲಿಗೆ ಕೆಂಪು ಕ್ಯಾಲಿಪರ್‌ನ ಆಸೆ ಬಿಟ್ಟೆ. ಮುಂದಿನ ಕೆಲವು ಸಂಜೆ ಅಳತೆಯ ಕೆಲಸದಲ್ಲೇ ಕಳೆದವು. ನಮ್ಮ ಕಾರಿನದೇ ಮೇಲಿನ ಮಾಡೆಲ್‌ನ ಕ್ಯಾಲಿಪರ್‌ಗೂ ಪಿಸ್ಟನ್ ಒಂದೇ, ಅಷ್ಟೇ ಅಗಲದ್ದು. ಅಂದರೆ ಅದಕ್ಕೆ ಬೇಕಾಗುವ ಎಣ್ಣೆಯೂ ಅಷ್ಟೇ. ಆದರೆ ಅದು ಹಿಡಿಯುವ ಡಿಸ್ಕು ದೊಡ್ಡದು. ಬೀಸುವ ಕಲ್ಲಿನ ಗೂಟ ನಡುವಿನಿಂದ ದೂರವಿದ್ದಷ್ಟೂ ತಿರುಗಿಸುವುದು ಹಗುರ. ಹಾಗೆಯೇ ಗಾಲಿಯ ನಡುವಿನಿಂದ ದೂರ ಹಿಡಿದಷ್ಟೂ ಅದೇ ಒತ್ತಡಕ್ಕೆ ಗಾಲಿ ಬೇಗ ನಿಲ್ಲುತ್ತದೆ. ಆ ಕ್ಯಾಲಿಪರ್‌ನ ಆಕಾರಕ್ಕೆ ರಟ್ಟು ಕತ್ತರಿಸಿ, ಗಾಲಿಯೊಳಗೆ ಇಟ್ಟು ಸುತ್ತಲೂ ತಿರುಗಿಸಿ ನೋಡಿದೆ. ಎಲ್ಲೂ ತಾಗಲಿಲ್ಲ.

"ಇದಕ್ಕೆ ಶೋ ಇಲ್ಲ ತಂಗಿ" ಎಂದ ಮೆಕ್ಯಾನಿಕ್.

"ಶೋ ಬೇಡ, ಎರಡೂ ಬದಿಗೆ ಹೊಸದು ಹಾಕಿ. ಉಪ್ಪುಗಾಳಿ ಹೊಗದ ಹಾಗೆ ಪಿನ್ನಿನ ರಬ್ಬರ್ ಸರಿ ಕೂತದ್ಯಾ ಅಂತ ನಾ ನೋಡಿದ ಮೇಲೇ ಗಾಲಿ ಹಾಕೂದು."

"ಆರ್‌ಟಿಒಗಿಂತ ಜೋರು ನೀನು" ಎಂದು ಗೊಣಗುತ್ತಲೇ ಅವನು ಹಾಗೇ ಮಾಡಿದ.

ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡುಗಳು ಅದಕ್ಕೆ ಹೊಂದಿಕೊಳ್ಳಲೆಂದು ವಾಹನ ಕಡಿಮೆಯಿರುವ ಹಿಲ್ಲೂರು ರಸ್ತೆಗೆ ಹೋದೆ. ವೇಗ ಹಿಡಿಯುವುದು, ಬ್ರೇಕ್ ಹಿಡಿಯುವುದು, ಆರಲು ಬಿಡುವುದು. ಆಮೇಲೆ ಹಿಂದಿನ ಸೀಟಿನಲ್ಲಿ ಮರಳಿನ ಚೀಲ ಹೇರಿಕೊಂಡು ಬಿಣಗಾದ ಇಳಿಜಾರಿಗೆ ಹೋಗಿ ಬಂದೆ. ಆ ದಿನದ ಪುಟದಲ್ಲಿ ಬರೆದದ್ದು ಇಷ್ಟೇ: 'ಪೆಡಲ್ ಗಟ್ಟಿ. ಎಳೆತ ಇಲ್ಲ.'

ಭಾನುವಾರ ಬೆಳಿಗ್ಗೆ ಬುಟ್ಟಿಗಳನ್ನೆಲ್ಲ ಕಾರಿನಲ್ಲಿಟ್ಟು ಬಾಗಿಲು ತೆರೆದು ನಿಂತೆ. ಆಯಿ ಬಸ್ ಬರುವ ದಿಕ್ಕನ್ನು ನೋಡಿದಳು, ಬುಟ್ಟಿಗಳನ್ನು ನೋಡಿದಳು, ಹತ್ತಿ ಕುಳಿತಳು. ಬಿಣಗಾ ಬರುವವರೆಗೂ ಅವಳ ಕೈ ಬಾಗಿಲ ಹಿಡಿಕೆಯ ಮೇಲೇ ಇತ್ತು. ಇಳಿಜಾರಿನ ನಡುವೆ ಥಟ್ಟನೆ ಹೇಳಿದಳು:

"ನಿಲ್ಸು ನೋಡ್ವಾ."

ಕನ್ನಡಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ತುಳಿದೆ. ಕಾರು ತನ್ನ ಸಾಲಿನಲ್ಲೇ ನೇರವಾಗಿ ನಿಂತಿತು. ಹಿಂದೆ ಒಂದು ಬೆಂಡೆಕಾಯಿ ಮಾತ್ರ ಉರುಳಿತು.

ಆಯಿ ರಸ್ತೆಯ ಎಡಗಡೆಯ ಅಂಚನ್ನು ಬಗ್ಗಿ ನೋಡಿದಳು. ಆಮೇಲೆ ಹಿಡಿಕೆಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡಳು.

"ಹೂಂ, ನಡಿ ಬೇಗ. ಇವತ್ತೂ ಜಾಗ ಹೋದ್ರೆ ನಿಂಗೇ ಬೈತೆ."