ಟ್ರ್ಯಾಕಿಗೂ ಘಾಟಿಗೂ ಅದೇ ಟಯರು

ಪುತ್ತೂರಿನಲ್ಲಿ ನಾನೂ ನನ್ನ ಗಂಡನೂ ಸೇರಿ ಒಂದು ಸಣ್ಣ ಡ್ರೈವಿಂಗ್ ಸ್ಕೂಲ್ ನಡೆಸುತ್ತೇವೆ. ಕಲಿಯುವವರ ಎಡಗಡೆ ಕೂತು ರಸ್ತೆಯಲ್ಲಿ ಕಲಿಸುವುದು ನನ್ನ ಕೆಲಸ. ಆಫೀಸಿನಲ್ಲಿ ಕೂತು ರಸ್ತೆಯ ಚಿಹ್ನೆಗಳನ್ನು, ಇಂಜಿನಿನ ಭಾಗಗಳನ್ನು ವಿವರಿಸುವುದು ಅವರದು. ಮೊದಲು ಹೀಗಿರಲಿಲ್ಲ. ರಸ್ತೆಗೆ ಹೋಗುತ್ತಿದ್ದವರು ಅವರೇ. ನನಗೆ ಕಾರು ಕಲಿಸಿದವರೂ ಅವರೇ. ಒಂದು ಮಳೆಗಾಲದಲ್ಲಿ ಸುಳ್ಯದಿಂದ ಸಂಪಾಜೆಯ ಕಡೆಗೆ ಹೋಗುತ್ತಿದ್ದಾಗ ಅವರು ಬಿಡುತ್ತಿದ್ದ ಕಾರು ರಸ್ತೆ ತಪ್ಪಿ ಮರಕ್ಕೆ ಬಡಿಯಿತು. ಪಕ್ಕದಲ್ಲಿ ಕೂತಿದ್ದ ಅವರ ಅಕ್ಕನ ಗಂಡ, ಆಲೆಟ್ಟಿಯ ಭಾವ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಇವರಿಗೆ ಭುಜದ ಎಲುಬು ಮುರಿದದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ.

ಅಂದಿನಿಂದ ಅವರು ಸ್ಟೀರಿಂಗ್ ಹಿಡಿದದ್ದಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಆ ದಿನದ ಬಗ್ಗೆ ಮಾತಾಡಿದವರೂ ಅಲ್ಲ. ಪೊಲೀಸರು ಬಂದರು, ಮಹಜರು ಮಾಡಿದರು, ಹೋದರು. ಮಳೆ ಜೋರಿತ್ತು, ರಸ್ತೆ ಜಾರುತ್ತಿತ್ತು ಎಂದು ಊರವರು ಹೇಳಿದರು. ನಾವೂ ಅದನ್ನೇ ಹೇಳಿಕೊಂಡು ಬಂದೆವು. ಆದರೆ ಬೆಳಿಗ್ಗೆ ನಾನು ಕಾರು ತೆಗೆಯುವ ಮೊದಲು ಅವರು ಅದಕ್ಕೊಂದು ಸುತ್ತು ಬರುತ್ತಾರೆ. ಕುಕ್ಕರುಗಾಲಿನಲ್ಲಿ ಕೂತು ಟಯರಿನ ಗೆರೆಗಳ ನಡುವೆ ಉಗುರು ತೂರಿಸಿ ನೋಡುತ್ತಾರೆ. ಯಾಕೆಂದು ನಾನು ಕೇಳಿರಲಿಲ್ಲ.

ಸವಣೂರಿನ ಒಬ್ಬಳು ಯುವತಿ ನಮ್ಮಲ್ಲಿ ಕಾರು ಕಲಿತವಳು. ಈಗ ದಂತವೈದ್ಯೆ. ಕೊಯಮತ್ತೂರಿನ ಹೊರಗೆ ಒಂದು ರೇಸ್ ಟ್ರ್ಯಾಕ್ ಉಂಟು, ಹವ್ಯಾಸಿಗಳು ಸೇರಿ ಅದನ್ನು ದಿನದ ಮಟ್ಟಿಗೆ ಬಾಡಿಗೆಗೆ ಪಡೆಯುತ್ತಾರೆ, ಯಾರು ಬೇಕಾದರೂ ತಮ್ಮದೇ ಕಾರು ತಂದು ಓಡಿಸಬಹುದು ಎಂದು ಅವಳೇ ನನಗೆ ಹೇಳಿದ್ದು. ತಾನು ಹೋಗಿ ಬಂದ ವೀಡಿಯೊ ತೋರಿಸಿದಳು. "ರೇಸ್ ಅಲ್ಲ ಮೇಡಂ, ಯಾರೂ ಗೆಲ್ಲುದಿಲ್ಲ, ಸೋಲುದಿಲ್ಲ. ನಮ್ಮ ಕಾರು ಎಷ್ಟು ತಡೀತದೆ ಅಂತ ನಮಗೆ ಗೊತ್ತಾಗ್ತದೆ. ನೀವು ಒಮ್ಮೆ ಬರ್ಲೇಬೇಕು."

ನಾನು ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಎರಡನೇ ಗೇರಿನಲ್ಲಿ ಬದುಕಿದವಳು. ನಿಧಾನ, ನಿಧಾನ ಎಂದು ಊರಿನ ಅರ್ಧ ಜನಕ್ಕೆ ಹೇಳಿದ್ದೇನೆ. ಕಾರು ಕೈತಪ್ಪುವುದು ಎಂದರೆ ಏನು, ಆ ಹೊತ್ತಿನಲ್ಲಿ ಕೈಗೆ, ಕಾಲಿಗೆ ಏನು ತಿಳಿಯುತ್ತದೆ ಎಂಬುದು ಮಾತ್ರ ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಬಾಯಿ ಬಿಡುತ್ತಿರಲಿಲ್ಲ.

ಕಲಿಸುವ ಕೆಲಸದಿಂದ ನಿವೃತ್ತಿ ಮಾಡಿಸಿದ ಹಳೆಯ ಕಾರೊಂದು ಶೆಡ್ಡಿನಲ್ಲಿತ್ತು. ಅದನ್ನು ತೆಗೆದುಕೊಂಡು ಹೋಗುತ್ತೇನೆ ಎಂದು ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ಅವರು ಗಂಜಿ ಊಟ ಮುಗಿಸಿ, ಕೈ ತೊಳೆದು ಹೊರಗೆ ಹೋದರು. ಒಂದು ವಾರ ಆ ವಿಷಯಕ್ಕೆ ಬರಲಿಲ್ಲ. ಬೇಡ ಎಂದು ಹೇಳಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಕೊನೆಗೆ ಒಂದು ದಿನ ಆಫೀಸಿನ ಬಾಗಿಲು ಹಾಕುವಾಗ, ಬೀಗದ ಕಡೆಗೇ ನೋಡುತ್ತಾ ಹೇಳಿದರು:

"ಹೋಗುದಾದ್ರೆ ಹೋಗು. ಟಯರ್ ನಾನು ನೋಡುದು."

ಬ್ರೇಕ್ ಆಯಿಲ್ ಬದಲಿಸಿ, ಬ್ರೇಕ್ ಪ್ಯಾಡ್ ಹೊಸತು ಹಾಕಿಸಿದ ಮೇಲೆ ನಮ್ಮಲ್ಲಿ ಉಳಿದ ಹಣ ಸ್ವಲ್ಪವೇ. ದಂತವೈದ್ಯೆಯ ಪರಿಚಯದವರೊಬ್ಬರು ಮಂಗಳೂರಿನಲ್ಲಿ ರೇಸಿಗೆ ಬಳಸಿದ ಮೆತ್ತನೆಯ ಟಯರುಗಳನ್ನು ಅಗ್ಗಕ್ಕೆ ಕೊಡುತ್ತಾರೆಂದು ಗೊತ್ತಾಗಿ ಅವಳೊಂದಿಗೆ ನಾವಿಬ್ಬರೂ ನೋಡಲು ಹೋದೆವು. ಮೆತ್ತನೆಯ ರಬ್ಬರು ಬಿಸಿಯಾದರೆ ಟಾರಿಗೆ ಅಂಟಿಕೊಳ್ಳುತ್ತದೆ, ತಿರುವಿನಲ್ಲಿ ಕಾರು ಬಿಗಿಯಾಗಿ ನಿಲ್ಲುತ್ತದೆ. ಅವುಗಳಲ್ಲಿ ಗೆರೆಗಳು ಹೆಸರಿಗೆ ಮಾತ್ರ ಇದ್ದವು. ನನಗೆ ನೋಡಿದ ಕೂಡಲೇ ಆಸೆಯಾಯಿತು. ಇವರು ಒಂದೊಂದನ್ನೂ ಉರುಳಿಸಿ ತಯಾರಾದ ವರ್ಷ ಓದಿದರು. ಮೈಮೇಲೆ ಉಗುರು ಒತ್ತಿದರು. ಅದು ಒಳಗೆ ಇಳಿಯಲಿಲ್ಲ.

"ಬಿಸಿಗೆ ಕಾದು ಕಾದು ಗಟ್ಟಿಯಾಗಿದೆ. ಹೆಸರು ಮೆತ್ತನೆಯದ್ದು, ಅಷ್ಟೇ."

"ಒಣ ರಸ್ತೆಯಲ್ಲಿ ಇನ್ನೂ ನಡೀತದೆ ಸರ್," ಎಂದಳು ಆಕೆ.

"ನಡೀಬಹುದು. ಇವಳು ಮನೆಗೆ ಬರುವಾಗ ಮಳೆ ಬಂದ್ರೆ?"

ಆಕೆ ನನ್ನ ಮುಖ ನೋಡಿದಳು. ನಾವು ಬರಿಗೈಯಲ್ಲಿ ಮರಳಿದೆವು.

ಮನೆಗೆ ಬಂದು ನಾನು ಇನ್ನೊಂದು ದಾರಿ ಹೇಳಿದೆ. ಟಯರು ಹೊಸತಾಗಿದ್ದಷ್ಟೂ ಅದರ ಮೈಮೇಲಿನ ರಬ್ಬರಿನ ತುಂಡುಗಳು ಎತ್ತರ. ಟ್ರ್ಯಾಕಿನ ಬಿಸಿಯಲ್ಲಿ ಅವು ಓಲಾಡುತ್ತವೆ, ಕೆಲವೊಮ್ಮೆ ಚೂರು ಚೂರಾಗಿ ಕಿತ್ತು ಬರುತ್ತವೆ. ಅರ್ಧ ಸವೆದ ಟಯರೇ ಅಲ್ಲಿಗೆ ಒಳ್ಳೆಯದು ಎಂದು ತಿಳಿದವರು ಬರೆದದ್ದನ್ನು ನಾನು ಓದಿದ್ದೆ. ನಮ್ಮ ಇನ್ನೊಂದು ಕಾರಿನಲ್ಲಿ ಅಂಥವೇ ನಾಲ್ಕು ಇದ್ದವು. ಅಳತೆಯೂ ಅದೇ. ಬಿಚ್ಚಿ ಹಾಕಿದರೆ ಒಂದು ಪೈಸೆಯ ಖರ್ಚಿಲ್ಲ.

"ಬೇಡ," ಎಂದರು.

"ನಾನು ಹೇಳುದು ಸುಳ್ಳಾ?"

"ಸುಳ್ಳಲ್ಲ. ಟ್ರ್ಯಾಕಿಗೆ ಅದೇ ಸರಿ."

"ಮತ್ತೆಂತ ನಿಮ್ಮದು? ನಾನು ಹೋಗುದು ಟ್ರ್ಯಾಕಿಗೇ ಅಲ್ವಾ?"

ಅವರು ಅಂಗಳದಲ್ಲಿ ನಿಂತಲ್ಲೇ ನಿಂತರು. ಧ್ವನಿ ಏರಿಸುವವರಲ್ಲ, ಅಂದು ಏರಿಸಿದರು. "ಟ್ರ್ಯಾಕಲ್ಲಿ ಜಾರಿದ್ರೆ ನಿನಗೆ ಹೋಗ್ಲಿಕ್ಕೆ ಹುಲ್ಲು ಉಂಟು ಮಾರಾಯ್ತಿ. ಘಾಟಿಯಲ್ಲಿ ಎಂತ ಉಂಟು? ಹೇಳು, ಎಂತ ಉಂಟು?"

ಮರುದಿನ ಪೇಟೆಗೆ ಹೋಗಿ ಕಾರಿನ ಮೂಲ ಅಳತೆಯ ನಾಲ್ಕು ಸಾಧಾರಣ ಟಯರುಗಳನ್ನು ಕೊಂಡೆವು. ಮನೆ ಸಾಮಾನು ತರಲು, ಮದುವೆಗೆ ಹೋಗಲು ಜನ ಹಾಕಿಸುವಂಥವು. ನಾಲ್ಕೂ ಒಂದೇ ತರದ್ದು, ನಾಲ್ಕೂ ಹೊಸತು. ಇಂಥ ಟಯರು ಬೇಗ ಜಾರುತ್ತದೆ, ಆದರೆ ಜಾರುವ ಮೊದಲು ಕೂಗಿ ಹೇಳುತ್ತದೆ. ರೇಸಿನ ಟಯರು ಹೆಚ್ಚು ಹೊತ್ತು ಹಿಡಿದು, ಬಿಟ್ಟಾಗ ಒಮ್ಮೆಲೇ ಬಿಡುತ್ತದೆ ಎಂದು ಇವರು ವಿವರಿಸಿದರು. ಹೊಸ ರಬ್ಬರಿನ ಮೇಲಿನ ನುಣುಪು ಹೋಗಬೇಕೆಂದು ಕೆಲವು ವಾರ ಅದೇ ಕಾರಿನಲ್ಲಿ ಕಡಬ, ಪೆರಾಬೆಯ ಕಡೆ ಓಡಾಡಿದೆ. ಅಗ್ಗದ ಟಯರಿನ ಮಾತು ಮುಗಿದಿತ್ತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಏಪ್ರಿಲಿನಲ್ಲಿ ಹೊರಟೆವು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬೆಳಿಗ್ಗೆ ಎದ್ದು ನೋಡುವಾಗ ಗಾಳಿ ಅಳೆಯುವ ಗೇಜನ್ನು ಚೀಲಕ್ಕೆ ಹಾಕಿ, ಹಿಂದಿನ ಸೀಟಿನಲ್ಲಿ ಕೂತಿದ್ದರು. ಮೈಸೂರು ದಾಟಿ ಕೊಯಮತ್ತೂರು ಮುಟ್ಟುವವರೆಗೆ ನಮ್ಮ ನಡುವೆ ನಡೆದ ಮಾತು ಚಹಾ, ಊಟ, ಪೆಟ್ರೋಲಿನದು ಮಾತ್ರ.

ಟ್ರ್ಯಾಕಿನಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎರವಲು ತಂದ ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಮೊದಲ ಸುತ್ತುಗಳಲ್ಲಿ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಟ್ರ್ಯಾಕಿನ ಬದಿಯ ಶೆಡ್ಡಿನೊಳಗೆ ಬಂದು ನಿಲ್ಲಿಸಿದ ಕೂಡಲೇ ಇವರು ಗೇಜು ಹಿಡಿದು ಬಂದು ಗಾಳಿ ನೋಡಿದರು. ಬಿಸಿಗೆ ಗಾಳಿ ಹಿಗ್ಗಿ ಒತ್ತಡ ಏರಿತ್ತು, ಸ್ವಲ್ಪ ಬಿಟ್ಟರು. ಟಯರಿನ ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದರು. ಮುಂದಿನ ಸಲ ಬಂದಾಗ ಎಷ್ಟು ಗೆರೆ ಅಳಿಸಿದೆ ಎಂದು ನೋಡಿ, ತಿರುವಿನಲ್ಲಿ ಟಯರು ಎಷ್ಟು ಮಗುಚುತ್ತದೆ ಎಂದು ತಿಳಿದು, ಮತ್ತೆ ಗಾಳಿ ಸರಿ ಮಾಡಿದರು. ಎಡಗಡೆಯ ಮುಂದಿನ ಟಯರು ಉಳಿದವಕ್ಕಿಂತ ಬೇಗ ಸವೆಯುತ್ತಿತ್ತು. ಅದನ್ನು ಹಿಂದಕ್ಕೆ ಹಾಕಿಕೊಟ್ಟರು. ಬೇರೆಯವರ ಹತ್ತಿರ ನನಗಿಂತ ಅಗಲದ, ಮೆತ್ತನೆಯ ಟಯರುಗಳಿದ್ದವು. ನನಗೆ ಅದರ ನೆನಪೂ ಉಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಟಯರಿನ ಕೂಗು ನನಗೆ ಅರ್ಥವಾಗತೊಡಗಿತ್ತು. ಸಣ್ಣ ಮುಲುಕು ಎಂದರೆ ಇನ್ನೂ ಜಾಗ ಉಂಟು. ಅದು ಚೀರಾಟವಾದರೆ ಇಲ್ಲ.

ಊಟದ ನಂತರ ಒಂದು ಉದ್ದ ತಿರುವಿನಲ್ಲಿ ನಾನು ಹೆಚ್ಚು ವೇಗದಲ್ಲಿ ಹೋದೆ. ಟಯರು ಚೀರಿತು. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಹಾಗೆ ಒಮ್ಮೆಲೇ ತೆಗೆಯಬಾರದಿತ್ತು. ಕಾರಿನ ಹಿಂಭಾಗ ಹಗುರಾಗಿ ಹೊರಗೆ ಜಾರಿತು, ಇಡೀ ಕಾರು ತಿರುಗಿ ಹಿಮ್ಮುಖವಾಗಿ ಹುಲ್ಲಿಗೆ ಹೋಗಿ ನಿಂತಿತು. ಧೂಳು ಇಳಿಯಿತು. ನನಗೆ ಏನೂ ಆಗಿರಲಿಲ್ಲ, ಕಾರಿಗೂ ಆಗಿರಲಿಲ್ಲ. ಮೊದಲ ಗೇರಿಗೆ ಹಾಕಿ ಹುಲ್ಲು ದಾಟಿ ಮತ್ತೆ ಟ್ರ್ಯಾಕಿಗೆ ಹತ್ತಿದೆ.

ಒಳಗೆ ತಂದು ನಿಲ್ಲಿಸಿದಾಗ ಇವರು ಅಲ್ಲಿರಲಿಲ್ಲ. ಶೆಡ್ಡಿನ ಹಿಂದೆ ಗೋಡೆಗೆ ಕೈ ಕೊಟ್ಟು ಬಗ್ಗಿ ನಿಂತಿದ್ದರು. ತಿಂದ ಅನ್ನವೆಲ್ಲ ಹೊರಗೆ ಬಂದಿತ್ತು. ನಾನು ನೀರಿನ ಬಾಟಲಿ ಕೊಟ್ಟೆ. ಬಾಯಿ ಮುಕ್ಕಳಿಸಿ, ಮುಖ ತೊಳೆದುಕೊಂಡು, ಅಲ್ಲೇ ನೆಲದ ಮೇಲೆ ಕೂತರು. ನಾನೂ ಕೂತೆ.

"ಸಾಕು, ಮನೆಗೆ ಹೋಗುವ," ಎಂದೆ.

ಅವರು ಕೇಳಿದರು: "ಕಾರು ಜಾರಿ ಹೋಗುವ ಮೊದಲು ನಿನಗೆ ಗೊತ್ತಾಗಿತ್ತಾ?"

"ಗೊತ್ತಾಯ್ತು. ಟಯರ್ ಬೊಬ್ಬೆ ಹಾಕಿತು. ಸ್ಟೇರಿಂಗ್ ಹಗುರ ಆಯ್ತು. ಆಮೇಲೆಯೇ ಹೋದದ್ದು."

ಅವರು ಅಂಗೈಯನ್ನು ಮಂಡಿಗೆ ಒರಸಿಕೊಂಡರು.

"ನನಗೆ ಎಂತದೂ ಕೇಳಿಸ್ಲಿಲ್ಲ," ಎಂದರು. "ಒಂದು ಸದ್ದಿಲ್ಲ. ಸ್ಟೇರಿಂಗ್ ತಿರುಗಿಸ್ತೇನೆ, ಕಾರು ನೆಟ್ಟಗೆ ಹೋಗ್ತಾ ಉಂಟು. ನೀರಿನ ಮೇಲೆ ದೋಣಿ ಹೋದ ಹಾಗೆ. ಭಾವ ನನ್ನನ್ನು ನೋಡಿದ್ರು. ಅವರಿಗೆ ಅರ್ಥ ಆಗಿರ್ಲಿಲ್ಲ, ನಾನು ಯಾಕೆ ತಿರುಗಿಸುದಿಲ್ಲ ಅಂತ."

ನಾನು ಅವರ ಬೆನ್ನಿನ ಮೇಲೆ ಕೈಯಿಟ್ಟೆ. ಅಂಗಿ ಪೂರ್ತಿ ಒದ್ದೆಯಾಗಿತ್ತು.

ಅಂದು ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ. ಮರುದಿನ ಮರಳುವಾಗ ಮಡಿಕೇರಿ ದಾಟಿ ಘಾಟಿ ಇಳಿಯತೊಡಗಿದ ಹಾಗೆ ಬೇಸಿಗೆಯ ಮಳೆ ಹೊಯ್ಯಿತು. ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನಾನು ನಿಧಾನಕ್ಕೆ ಬಿಟ್ಟೆ. ಟಯರು ನೀರನ್ನು ಸೀಳಿ ಬದಿಗೆ ಎಸೆಯುವ ಸದ್ದು ಕಾರಿನೊಳಗೆ ಕೇಳುತ್ತಿತ್ತು. ಹಿಂದಿನ ಸೀಟಿನಿಂದ ಅವರು ಉಳಿದದ್ದನ್ನು ಹೇಳಿದರು. ಆ ವರ್ಷ ಮುಂದಿನ ಎರಡು ಟಯರುಗಳು ಬೋಳಾಗಿದ್ದವು. ಅದು ಅವರಿಗೆ ಗೊತ್ತಿತ್ತು. ಮಳೆಗಾಲ ಕಳೆಯಲಿ, ಒಟ್ಟಿಗೆ ನಾಲ್ಕೂ ಹಾಕಿಸುವ ಎಂದು ಮುಂದೂಡಿದ್ದರು. ಮಳೆಯಿಂದ ಆಯಿತು ಎಂದು ಜನ ಹೇಳುವಾಗ ಹೌದು ಎಂದು ತಲೆಯಾಡಿಸಿದ್ದರು. ಅಕ್ಕನ ಮುಂದೆಯೂ.

ಸುಳ್ಯ ಪೇಟೆ ಹತ್ತಿರವಾಯಿತು. "ಆಲೆಟ್ಟಿಗೆ ಹೋಗುವ," ಎಂದರು.

"ಈಗ್ಲಾ?"

"ಈಗ. ಮನೆಗೆ ಹೋದ್ರೆ ಮತ್ತೆ ನನ್ನಿಂದ ಆಗ್ಲಿಕ್ಕಿಲ್ಲ."

ಆಲೆಟ್ಟಿಯಲ್ಲಿ ಮಳೆ ಬಿಟ್ಟಿತ್ತು. ಇವರ ಅಕ್ಕ, ನನ್ನ ಅತ್ತಿಗೆ, ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದರು. ನಮ್ಮನ್ನು ಕಂಡು ಏಳಲು ಹೋದವರನ್ನು ಇವರು ತಡೆದು, ಎದುರಿಗೆ ಕೂತು, ನಡುವೆ ಬಿಟ್ಟರೆ ಮಾತು ನಿಂತೀತು ಎಂಬಂತೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದರು. ಅಕ್ಕ ತಮ್ಮ ಮಾತಾಡುವುದು ಈ ಕಡೆಯ ಆಡುಮಾತಾದ ಅರೆಭಾಷೆಯಲ್ಲಿ. ನನಗೆ ತಿಳಿದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಅತ್ತಿಗೆ ಹಪ್ಪಳದ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಅವರ ಮುಖದಲ್ಲಿ ಏನಿದೆಯೆಂದು ನನಗೆ ಓದಲಾಗಲಿಲ್ಲ.

"ನಿನ್ನ ಭಾವನಿಗೂ ಗೊತ್ತಿತ್ತು," ಎಂದರು ಕೊನೆಗೆ. "ಅವತ್ತು ಬೆಳಿಗ್ಗೆ ಹೊರಡುವಾಗ ಇಲ್ಲೇ ಅಂಗಳದಲ್ಲಿ ಟಯರಿಗೆ ಕಾಲಿಂದ ಒದ್ದು ನೋಡಿ ಹೇಳಿದ್ರು, ಇದು ಮುಗಿದಿದೆ, ಆದ್ರೂ ಹೋಗಿ ಬರುವಷ್ಟು ಉಂಟು ಅಂತ. ನೀನು ಆಗ ಒಳಗೆ ಕಾಫಿ ಕುಡೀತಾ ಇದ್ದಿ."

"ನೀನು ನನಗೆ ಯಾಕೆ ಹೇಳ್ಲಿಲ್ಲ ಅಕ್ಕ?"

"ನೀನು ಟಯರಿನ ಮಾತು ಎತ್ತಿದ್ರೆ ಅಲ್ವಾ ನಾನು ಹೇಳುದು? ನಿನಗೆ ಗೊತ್ತೇ ಇಲ್ಲ ಅಂತ ಎಣಿಸಿದ್ದೆ. ಗೊತ್ತಿಲ್ಲದವನ ತಲೆಗೆ ಯಾಕೆ ಹಾಕುದು ಅಂತ ಬಾಯಿ ಮುಚ್ಚಿ ಕೂತೆ."

ಇವರು ಅತ್ತರು. ಮದುವೆಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು. ಅತ್ತಿಗೆ ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೋಗಲಿ ಬಿಡು ಎಂಬ ಮಾತು ಅವರ ಬಾಯಿಂದ ಬರಲಿಲ್ಲ; ಬರುತ್ತದೆಂದು ನಾನು ಕಾದದ್ದು ಸುಳ್ಳಲ್ಲ. ಕೈ ತೊಳೆದು ಬಂದು ಅಕ್ಕಿಗೆ ನೀರಿಟ್ಟರು. ಊಟ ಮಾಡಿಸಿಯೇ ಕಳಿಸಿದರು.

ಮಳೆಗಾಲ ಮುಗಿದ ಮೇಲೆ ಅತ್ತಿಗೆಯ ಫೋನು ಬಂತು, ನನಗೆ. ಆಸ್ಪತ್ರೆಗೆ, ಬ್ಯಾಂಕಿಗೆ ಎಂದು ಬಸ್ಸು ಕಾದು ಸಾಕಾಗಿದೆ, ಈ ವಯಸ್ಸಿನಲ್ಲಿ ಕಾರು ಕಲಿಯಲಿಕ್ಕೆ ಆಗುತ್ತದೆಯಾ ಎಂದು ಕೇಳಿದರು. ಆಗುತ್ತದೆ ಎಂದೆ. ಭಾನುವಾರಗಳಲ್ಲಿ ಆಲೆಟ್ಟಿಗೆ ಹೋಗಿ ಕಲಿಸತೊಡಗಿದೆ. ಇವರೂ ಬರುತ್ತಿದ್ದರು, ನಾವು ಮುಗಿಸುವವರೆಗೆ ಜಗಲಿಯಲ್ಲಿ ಕೂತಿರುತ್ತಿದ್ದರು.

ನಾಲ್ಕಾರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಸ್ಟೀರಿಂಗ್ ಮುಂದೆ ಕೂತು, ನಾನು ಹತ್ತಲು ಹೋಗುವಾಗ, ಜಗಲಿಯಲ್ಲಿದ್ದ ತಮ್ಮನನ್ನು ಕರೆದು ಹೇಳಿದರು: "ಇವತ್ತು ನೀನು ಬಾ. ಮುಂದೆ ಕೂರು."

ಅವರು ಎದ್ದು ಬಂದು, ಬಾಗಿಲು ಹಿಡಿದು ನಿಂತರು. ಅತ್ತಿಗೆ ಅವಸರ ಮಾಡಲಿಲ್ಲ, ಮುಂದಿನ ಗಾಜನ್ನೇ ನೋಡುತ್ತಿದ್ದರು. ಆಮೇಲೆ ಇವರು ಹತ್ತಿ ಕೂತು ಬೆಲ್ಟು ಎಳೆದುಕೊಂಡರು. ನಾನು ಹಿಂದೆ ಕೂತೆ. ಅಂಗಳದ ಏರಿನಲ್ಲಿ ಕಾರು ಆಫ್ ಆಗಿ ಹಿಂದಕ್ಕೆ ಜಾರಿತು.

"ಅಯ್ಯೋ, ಎಂತ ಮಾಡುದು ಈಗ?" ಎಂದರು ಅತ್ತಿಗೆ.

"ಬ್ರೇಕ್ ಒತ್ತು ಅಕ್ಕ. ಹಾಂ, ಹಾಗೇ. ಹ್ಯಾಂಡ್ ಬ್ರೇಕ್ ಎಳಿ. ಈಗ ಕ್ಲಚ್ ಒತ್ತಿ ಸ್ಟಾರ್ಟ್ ಮಾಡು. ಗಡಿಬಿಡಿ ಬೇಡ, ನಾನಿದ್ದೇನೆ."